ಬಿಗಿನಾದ ಯಂತ್ರವೂ ಅರ್ಧ ಕೆಜಿ ರವೆಯೂ

“ಎಲ್ಲರೂ ಕೂತ್ಕೊಳ್ಳಿ! ನಿಂತ್ಕೊಂಡು ಕೇಳೋ ವಿಷಯ ಅಲ್ಲ ಇದು!”

ಕೇಶವಯ್ಯನವರು ಹೀಗೆ ಘೋಷಿಸಿದಾಗ ನಡುಮನೆಯಲ್ಲಿ ಇದ್ದವರೇ ಮೂರು ಜನ, ಮೂವರೂ ಆಗಲೇ ಕೂತಿದ್ದರು. ಒಬ್ಬರು ಅವರ ಹೆಂಡತಿ ತುಂಗಮ್ಮ. ಇನ್ನೊಬ್ಬಳು ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳು ಮೇದಿನಿ. ಮೂರನೆಯವರು ಪಕ್ಕದ ಮನೆಯ ಚಂದ್ರಾಬಾಯಿ; ಒಂದು ಲೋಟ ಸಕ್ಕರೆ ಕೇಳಲು ಬಂದು ಸಿಕ್ಕಿಹಾಕಿಕೊಂಡಿದ್ದರು. ಅವರು ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿಕೊಂಡಿದ್ದರು. ಈ ಮನೆಯ ಯಂತ್ರಗಳ ಅನುಭವ ಅವರಿಗಿತ್ತು. ಹೋದ ವರ್ಷ ಕೇಶವಯ್ಯನವರು ತಯಾರಿಸಿದ ‘ಮೋಡ ಕಂಡರೆ ತಾನೇ ಬಿಚ್ಚಿಕೊಳ್ಳುವ ಕೊಡೆ’ ಸಿಟಿ ಬಸ್ಸಿನೊಳಗೆ ಬಿಚ್ಚಿಕೊಂಡು, ಕಂಡಕ್ಟರನ ಚೀಲವನ್ನು ಕಿಟಕಿಯಿಂದ ಆಚೆ ಕಳಿಸಿತ್ತು. ಆ ಬಸ್ಸಿನಲ್ಲಿ ಚಂದ್ರಾಬಾಯಿಯೂ ಇದ್ದರು.

ಕೇಶವಯ್ಯನವರು ಮೂವತ್ತನಾಲ್ಕು ವರ್ಷ ಮೈಸೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಸಂಜೆ ಹೊತ್ತು ಮೃದಂಗ ನುಡಿಸುತ್ತಿದ್ದರು. ಅವರ ತಲೆಯೊಳಗೆ ಟ್ರಾನ್ಸಿಸ್ಟರಿಗೂ ತಾಳಕ್ಕೂ ನಡುವೆ ಗೋಡೆಯಿರಲಿಲ್ಲ. ಅನಾಹುತಗಳೆಲ್ಲ ಆ ಗೋಡೆಯಿಲ್ಲದ ಜಾಗದಿಂದಲೇ ಹೊರಟು ಬರುತ್ತಿದ್ದವು.

ಈ ಸಲ ಅವರು ಕೈಹಾಕಿದ್ದು ಮೇದಿನಿಯ ಗಿಟಾರಿಗೆ.

ಮೇದಿನಿಯದು ಎಲೆಕ್ಟ್ರಿಕ್ ಗಿಟಾರು. ಗೆಳೆಯ ಸ್ಟ್ಯಾನಿ ಡ್ರಮ್ ಬಾರಿಸುತ್ತಿದ್ದ, ಗೆಳತಿ ಫರ್ಹಾನಾ ಹಾಡುತ್ತಿದ್ದಳು. ಹಾಡುತ್ತಿದ್ದಳು ಎನ್ನುವುದಕ್ಕಿಂತ ಘರ್ಜಿಸುತ್ತಿದ್ದಳು ಎನ್ನುವುದೇ ಸರಿ. ಮೂವರೂ ಸೇರಿ ಕಟ್ಟಿಕೊಂಡ ಬ್ಯಾಂಡಿನ ಹೆಸರು ‘ಕಬ್ಬಿಣದ ಕಡಲೆ’. ಮೇದಿನಿಯ ಆಂಪ್ಲಿಫೈಯರು ತುಂಗಮ್ಮನ ಅಕ್ಕಿ ಡಬ್ಬದಷ್ಟು ಎತ್ತರದ ಕರಿ ಪೆಟ್ಟಿಗೆ. ಅದರ ಮೇಲೆ ‘ಗೇನ್’ ಎಂದು ಬರೆದ ಗುಂಡಿಯೊಂದಿತ್ತು. ಅದನ್ನು ಹತ್ತಕ್ಕೆ ತಿರುಗಿಸಿಟ್ಟರೆ ಗಿಟಾರಿನ ಮೇಲೆ ನೊಣ ಕೂತರೂ ಗುಡುಗು ಬರುತ್ತಿತ್ತು. ಮೇದಿನಿ ಅದನ್ನು ಹತ್ತರಲ್ಲೇ ಇಟ್ಟಿದ್ದಳು. ಗುಡುಗೇನೋ ಬರುತ್ತಿತ್ತು, ಆದರೆ ಒಂದು ಏಟಿನ ಬಾಲ ಇನ್ನೊಂದು ಏಟಿನ ಕಾಲಿಗೆ ಸುತ್ತಿಕೊಂಡು ಎಲ್ಲವೂ ಕಲಸಿಹೋಗುತ್ತಿತ್ತು. ಎರಡು ಸ್ಪರ್ಧೆಗಳಲ್ಲಿ ಎರಡು ಊರಿನ ತೀರ್ಪುಗಾರರು ಅವಳ ಅಂಕಪಟ್ಟಿಯ ಮೇಲೆ ಒಂದೇ ಮಾತು ಬರೆದಿದ್ದರು: ‘ಗಿಟಾರ್ ಟೋನ್ ಸಡಿಲ.’

ಶನಿವಾರ ಮೂರನೆಯ ಸ್ಪರ್ಧೆ. ಸೋಮವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಮೇದಿನಿ ಅಜ್ಜಿಗೆ ಹೇಳಿದ್ದಳು: “ಈ ಸಲಾನೂ ಸಡಿಲ ಅಂತ ಬರೆದ್ರೆ ಗಿಟಾರ್ ಮಾರ್ಬಿಡ್ತೀನಿ ಅಜ್ಜಿ. ಆಣೆಗೂ ಮಾರ್ತೀನಿ. ತಾತನಿಗೆ ಹೇಳ್ಬೇಡ.” ತುಂಗಮ್ಮನ ಕೈ ಅವಳ ನೆತ್ತಿಯ ಮೇಲೆ ಹಾಗೇ ನಿಂತಿತು. ಹುಡುಗಿಯ ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದನ್ನು ಅವರು ನೋಡಿದ್ದರು.

ಇದು ಗುರುವಾರ ಬೆಳಗ್ಗೆ. ಕೇಶವಯ್ಯನವರು ಮೇಜಿನ ಮೇಲಿನ ಬಟ್ಟೆ ಎಳೆದರು. ಒಳಗಿದ್ದದ್ದು ಅವರ ಮಾವನವರು ಮದುವೆಗೆ ಕೊಟ್ಟಿದ್ದ ಗೋಡೆ ಗಡಿಯಾರ! ಅಂದರೆ ಅದರ ಪೆಟ್ಟಿಗೆ. ಮುಳ್ಳೂ ಇಲ್ಲ, ಲೋಲಕವೂ ಇಲ್ಲ. ಗಾಜಿನ ಬಾಗಿಲ ಹಿಂದೆ ತಂತಿಗಳ ಪೊದೆ, ಒಂದು ಮೈಕು, ಒಂದು ಸಣ್ಣ ಸ್ಪೀಕರು, ಕೆಳಗೆ ಸ್ಕೂಟರಿನ ಬ್ಯಾಟರಿ.

“ನಮ್ಮಪ್ಪ ಕೊಟ್ಟ ಗಡಿಯಾರ!” ಎಂದರು ತುಂಗಮ್ಮ.

“ಗಡಿಯಾರ ಹೋಗ್ಲಿ ಬಿಡು. ಇದರ ಹೆಸರು ಬಿಗಿನಾದ ಯಂತ್ರ!”

“ತಾತ, ಇದಕ್ಕೆ ನಾಯ್ಸ್ ಗೇಟ್ ಅಂತ ಅಂಗಡೀಲೇ ಸಿಗತ್ತೆ,” ಎಂದಳು ಮೇದಿನಿ. “ಏಟಿನ ನಡುವೆ ಬರೋ ಗುಯ್ ಅನ್ನೋ ಸದ್ದನ್ನ ತಡೆಯತ್ತೆ.”

“ಅಂಗಡೀದು ಬರೀ ಗೇಟು ಕಣಮ್ಮ. ಗೇಟಿಗೆ ಕಿವಿ ಇರತ್ತಾ? ಇದಕ್ಕೆ ಎರಡು ಕಿವಿ! ಈ ಮೈಕು ಎಲ್ಲಾ ಸದ್ದನ್ನೂ ಕೇಳತ್ತೆ. ಈ ಸ್ಪೀಕರ್ ಇದೆಯಲ್ಲ, ಇದು ಜಡ್ಜು. ಯಾವ ಸದ್ದಿಗೆ ಈ ಜಡ್ಜು ಅಲ್ಲಾಡ್ತಾನೋ ಅದು ಸಂಗೀತ. ಅಲ್ಲಾಡಲಿಲ್ವೋ, ಅದು ಕೊಳೆ. ಕೊಳೆಯನ್ನ ಯಂತ್ರ ನೆನಪಿಟ್ಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಸದ್ದು ಹೊರಗೆ ಬಿಡತ್ತೆ. ಎರಡೂ ಒಂದನ್ನೊಂದು ತಿಂದು ಮುಗಿಸ್ತವೆ. ನೋಡಮ್ಮ, ನಾದ ಇರೋದು ಬಾರಿಸೋದ್ರಲ್ಲಲ್ಲ, ಬಾರಿಸಿ ಕೈ ಮುಚ್ಚೋದ್ರಲ್ಲಿ! ಇದು ಮುಚ್ಚೋ ಕೈ!”

ಚಂದ್ರಾಬಾಯಿ ಗಾಜಿನೊಳಗೆ ಬಗ್ಗಿ ನೋಡಿದರು. ಅವರ ಮಾಮೂಲು ದನಿ ಮೂರು ಬೀದಿ ದಾಟುವಂಥದ್ದು. “ಏನ್ರೀ ಮೇಷ್ಟ್ರೇ! ಸ್ಪೀಕರ್‌ಗೆ ಉಪ್ಪಿಟ್ಟು ಮೆತ್ತಿದೀರಾ?!”

“ಉಪ್ಪಿಟ್ಟಲ್ಲಮ್ಮ! ರವೆ! ಹಸೀ ರವೆ, ನೀರಲ್ಲಿ ಕಲಸಿದ್ದು! ಮೃದಂಗದ ಎಡಗಡೆ ಮುಖಕ್ಕೆ ರವೆ ಮೆತ್ತದೆ ಯಾವನಾದ್ರೂ ಕಚೇರಿಗೆ ಕೂರ್ತಾನೇನು? ತೂಕ ಇಲ್ಲದೆ ನಾದಕ್ಕೆ ಗಾಂಭೀರ್ಯ ಎಲ್ಲಿಂದ ಬರಬೇಕು? ಅಮೆರಿಕದವರಿಗೆ, ಜಪಾನಿನವರಿಗೆ ಇದು ಹೊಳೀಲಿಲ್ಲ ನೋಡಿ!”

“ಹೊಳೀದೆ ಇದ್ದಿದ್ದೇ ಒಳ್ಳೇದಾಯ್ತು,” ಎಂದರು ಚಂದ್ರಾಬಾಯಿ.

ಮೇದಿನಿ ತಂತಿ ಸಿಕ್ಕಿಸಿ, ಅಂಗೈ ಅಂಚನ್ನು ತಂತಿಗಳ ಮೇಲೆ ಒತ್ತಿ, ಬಾರಿಸಿದಳು.

ಟಕ್. ಟಕ್. ಟಕಟಕ. ಟಕ್!

ಏಟಿಗೂ ಏಟಿಗೂ ನಡುವೆ ಏನೂ ಇಲ್ಲ. ಗುಯ್ಗುಡುವಿಕೆಯಿಲ್ಲ, ಬಾಲವಿಲ್ಲ, ಧೂಳಿಲ್ಲ. ಸುತ್ತಿಗೆ ಹಿಡಿದು ಕಲ್ಲು ಒಡೆದಂತೆ ಒಂದೊಂದೂ ಬೇರೆ ಬೇರೆ. ಮೇದಿನಿಯ ಬಾಯಿ ತೆರೆದೇ ಉಳಿಯಿತು. ಆಮೇಲೆ ಅವಳು ಗಿಟಾರಿನ ಸಮೇತ ತಾತನನ್ನು ತಬ್ಬಿಕೊಂಡಳು. “ತಾತಾ! ಬಿಗಿ! ಎಷ್ಟು ಬಿಗಿ!”

ಕೇಶವಯ್ಯನವರು ಗಾಜಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. “ಶ್ರುತಿ ಕೂಡಿಸಿದ ವಾದ್ಯ. ಶನಿವಾರ ಕಚೇರಿ ಮುಗಿಯೋ ತನಕ ಯಾರೂ ಮುಟ್ಟೋ ಹಾಗಿಲ್ಲ, ಆರಿಸೋ ಹಾಗಿಲ್ಲ! ಕರೆಂಟು ಹೋದ್ರೂ ನಡೆಯತ್ತೆ. ಕಿವಿ ಪಳಗ್ತಾ ಇರಬೇಕು ಅದಕ್ಕೆ.”

ಆಗ ತುಂಗಮ್ಮನಿಗೆ ಒಂದು ವಿಷಯ ತೋಚಿತು. “ಅಲ್ಲ ಮೇದಿನಿ, ಆ ಗುಂಡಿ ಹತ್ತರಲ್ಲಿದೆಯಲ್ಲ, ಅದನ್ನೇ ಐದಕ್ಕೆ ಇಳಿಸಿದ್ರೆ ಹೇಗೆ? ಹುಳಿಗೆ ಖಾರ ಜಾಸ್ತಿ ಆದ್ರೆ ಬೇಳೆ ರುಚೀನೇ ಗೊತ್ತಾಗಲ್ಲ ನೋಡು,” ಎಂದರು.

ಯಾರೂ ತಿರುಗಿ ನೋಡಲಿಲ್ಲ. ಮನೆಯಲ್ಲಿ ತಮ್ಮ ಮಾತು ಯಾರಿಗೂ ಕೇಳಿಸದಿರುವುದು ತುಂಗಮ್ಮನಿಗೆ ಹೊಸದಲ್ಲ. ಅವರದು ಹುಟ್ಟಾ ಮೆಲುದನಿ. ಆದರೆ ಈ ಸಲ ತಮ್ಮ ಮಾತು ತಮಗೂ ಕೇಳಿಸಿರಲಿಲ್ಲ!

*

ಮೊದಲು ಫ್ಯಾನಿನ ಸದ್ದು ಹೋಯಿತು. ಅದೇನೋ ಹಿತವಾಗಿಯೇ ಇತ್ತು. ಆಮೇಲೆ ಒಗ್ಗರಣೆಯ ಚಟಪಟ ಹೋಯಿತು. ಸಾಸಿವೆ ಸಿಡಿದದ್ದು ತಿಳಿಯದೆ ಸೀದುಹೋಯಿತು. ಹಾಲು ಸದ್ದಿಲ್ಲದೆ ಉಕ್ಕಿ, ಸದ್ದಿಲ್ಲದೆ ಸ್ಟವ್ ಆರಿಸಿ, ಸದ್ದಿಲ್ಲದೆ ನೆಲಕ್ಕಿಳಿದು, ತುಂಗಮ್ಮನ ಪಾದಕ್ಕೆ ಬಿಸಿ ತಾಗಿದಾಗಲೇ ಗೊತ್ತಾದದ್ದು. ಬೆಕ್ಕು ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿತು. ತನ್ನ ಕೂಗು ತನಗೇ ಕೇಳಿಸದೆ ಗಾಬರಿಯಾಗಿ ಅಟ್ಟ ಹತ್ತಿತು.

ಉಳಿದದ್ದು ಗಟ್ಟಿಯಾದವು ಮಾತ್ರ. ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ಚಂದ್ರಾಬಾಯಿ.

“ರೀ, ಮಾತೇ ಹೊರಡ್ತಾ ಇಲ್ಲ ನನಗೆ! ನಿಮ್ಮ ಯಂತ್ರ ನನ್ನ ದನೀನ ನುಂಗ್ತಾ ಇದೆ!” ಎಂದು ತುಂಗಮ್ಮ ಗಂಡನ ಮುಂದೆ ನಿಂತು ಹೇಳಿದರು. ಕೇಶವಯ್ಯನವರು ಪತ್ರಿಕೆಯಿಂದ ತಲೆಯೆತ್ತದೆ “ಹೂಂ, ಹಾಗೇ ಮಾಡು,” ಎಂದರು. ಅವರ ಕಿವಿ ನಾಲ್ಕು ವರ್ಷದಿಂದ ಮಂದ. ಮೆತ್ತಗಿನ ಸದ್ದುಗಳು ಅವರ ಪಾಲಿಗೆ ಯಾವತ್ತೋ ತೀರಿಹೋಗಿದ್ದರಿಂದ ಜಗತ್ತಿನಲ್ಲಿ ಏನೂ ಬದಲಾದಂತೆ ಕಾಣಲಿಲ್ಲ. ಮೇದಿನಿಯೋ, ಕಾಲೇಜಿನಿಂದ ಬಂದವಳೇ ಕಿವಿಗೆ ಹೆಡ್‌ಫೋನ್ ಏರಿಸಿ ಅಭ್ಯಾಸಕ್ಕೆ ಕೂತರೆ ಊಟಕ್ಕೆ ಕೈಸನ್ನೆ ಮಾಡಿಯೇ ಕರೆಯಬೇಕು.

ಕೂಗೋಣವೆಂದರೆ ತುಂಗಮ್ಮ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೂಗಿದವರಲ್ಲ. ಹಿತ್ತಲಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದರು. ಗಂಟಲು ಕೆಮ್ಮಿತು, ಅಷ್ಟೇ. ಆ ಕೆಮ್ಮೂ ಕೇಳಿಸಲಿಲ್ಲ.

ಕಾಂಪೌಂಡಿನಾಚೆಯಿಂದ ಚಂದ್ರಾಬಾಯಿ ಇದನ್ನು ನೋಡಿದರು. ಹತ್ತು ನಿಮಿಷದಲ್ಲಿ ಮೆಣಸು, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯದ ಲೋಟ ಹಿಡಿದು ಬಂದರು. “ಗಂಟಲು ಕಟ್ಟಿದೆಯೇನ್ರೀ ತುಂಗಮ್ಮಾ! ಮಾತಾಡ್ಬೇಡಿ, ಮಾತಾಡ್ಬೇಡಿ! ಬಿಸಿಬಿಸಿ ಕುಡೀರಿ! ನಾನಿರೋತನಕ ಈ ಬೀದೀಲಿ ಮಾತಿಗೇನು ಬರ!”

ತುಂಗಮ್ಮನ ಕಣ್ಣಲ್ಲಿ ನೀರು ಬಂತು. ಖಾರಕ್ಕೋ, ಅಂತಃಕರಣಕ್ಕೋ ಅವರಿಗೂ ತಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಮೇದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಡ್‌ಫೋನ್ ತೆಗೆಯದೆ, ಆ ಹೆಡ್‌ಫೋನಿನವರು ಮಾತಾಡುವ ಗಟ್ಟಿ ದನಿಯಲ್ಲಿ ಕೇಳಿದಳು: “ಅಜ್ಜಿ! ನಿನ್ನೆಯಿಂದ ನನ್ನ ಜೊತೆ ಮಾತೇ ಆಡ್ತಿಲ್ಲ ನೀನು! ಗಿಟಾರ್ ಮಾರ್ತೀನಿ ಅಂದಿದ್ದಕ್ಕೆ ಕೋಪಾನಾ?”

“ಇಲ್ಲ ಕಣೇ ಬಂಗಾರ! ನಿನ್ನ ಮೇಲೆ ಯಾತರ ಕೋಪ!” ಎಂದರು ತುಂಗಮ್ಮ. ಕೈಯಲ್ಲಿ ಹಿಟ್ಟು. ಸೌಟು ಬಿಟ್ಟು, ಕೈಯೊರೆಸಿಕೊಂಡು ಹತ್ತಿರ ಬರುವಷ್ಟರಲ್ಲಿ ಮೇದಿನಿ ಆ ಮೌನಕ್ಕೆ ತನ್ನದೇ ಅರ್ಥ ಹಚ್ಚಿಕೊಂಡು, ತಲೆ ತಗ್ಗಿಸಿ ಹೊರಟುಹೋಗಿದ್ದಳು. ತಟ್ಟೆಯಲ್ಲಿ ದೋಸೆ ತಣ್ಣಗಾಯಿತು. ತುಂಗಮ್ಮ ದೇವರ ಮುಂದೆ ನಿಂತು ಗಟ್ಟಿಯಾಗಿಯೇ ಅತ್ತರು. ಹೇಗೂ ಕೇಳಿಸುವುದಿಲ್ಲವಲ್ಲ! “ರಾಯರೇ, ಸಡಿಲ ಅಂತ ಬರೆದ್ರೆ ಮಗು ಗಿಟಾರ್ ಮಾರ್ತೀನಿ ಅಂತ ಆಣೆ ಇಟ್ಟಿದೆ. ತಾತನಿಗೆ ಹೇಳ್ಬೇಡ ಅಂತಿದೆ. ನಾನು ಯಾರಿಗೆ ಹೇಳಲಿ? ಹೇಳಿದ್ರೂ ಯಾರಿಗೆ ಕೇಳ್ಸತ್ತೆ?”

ಅತ್ತು ಮುಗಿದ ಮೇಲೆ ಅವರಿಗೆ ಒಂದು ವಿಚಿತ್ರ ಸ್ವಾತಂತ್ರ್ಯದ ಅರಿವಾಯಿತು.

ಗಂಡನಿಗೆ ಕಾಫಿ ಕೊಡುವಾಗ, ಮುಖದಲ್ಲಿ ಮಾಮೂಲಿನ ಮುಗುಳ್ನಗೆ ಇಟ್ಟುಕೊಂಡು, ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಅಂದರು: “ನಿಮ್ಮ ಆ ಕೊಡೆಗೆ ಬೆಂಕಿ ಬೀಳ. ಅದನ್ನ ನಾನೇ ಗುಜರಿಯವನಿಗೆ ಕೊಟ್ಟಿದ್ದು.”

ಕೇಶವಯ್ಯನವರು ಕಾಫಿ ಹೀರಿ, “ಚೆನ್ನಾಗಿದೆ,” ಎಂದರು.

ಧೈರ್ಯ ಬಂತು. ಮಾತ್ರೆ ಕೊಡುವಾಗ: “ನಮ್ಮಪ್ಪನ ಗಡಿಯಾರ ಹಾಳುಮಾಡಿದ್ರಿ. ನಿಮ್ಮಪ್ಪ ಏನು ಕೊಟ್ಟಿದ್ರು ಹೇಳಿ? ಒಂದು ಮಣೆ. ಅದಕ್ಕೂ ಮೂರೇ ಕಾಲು.” ಟವೆಲು ಕೊಡುವಾಗ: “ನಿಮ್ಮ ಮೃದಂಗದಲ್ಲಿ ನನಗೆ ಬಹಳ ಇಷ್ಟವಾಗೋದು ಅದರ ಗವಸು.” ಊಟಕ್ಕೆ ಬಡಿಸುವಾಗ ಇನ್ನೂ ಏನೇನೋ. ಹುಳಿ, ಪಲ್ಯ, ಉಪ್ಪಿನಕಾಯಿ, ಒಂದೊಂದಕ್ಕೆ ಒಂದೊಂದು. ಕೇಶವಯ್ಯನವರು ತಲೆದೂಗುತ್ತ ಉಂಡರು. ಹೆಂಡತಿ ಇತ್ತೀಚೆಗೆ ಲವಲವಿಕೆಯಿಂದ ಇದ್ದಾಳೆ ಎಂದು ಅವರಿಗೆ ಅನ್ನಿಸಿತು.

ಊಟದ ನಂತರ ಅವರು ಮೃದಂಗದ ಪಕ್ಕ ಗೋಡೆಗೊರಗಿ ಕೂತು, ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತ ತುಟಿ ಅಲ್ಲಾಡಿಸುತ್ತಿದ್ದರು. ತಾಳದ ಲೆಕ್ಕವಿರಬೇಕು ಎಂದುಕೊಂಡು ತುಂಗಮ್ಮ ದಾಟಿ ಹೋದರು. ಹೋಗುವಾಗ ಗಾಜಿನ ಪೆಟ್ಟಿಗೆಯೊಳಗೆ ಕಣ್ಣು ಬಿತ್ತು.

ರವೆ ಒಣಗಿತ್ತು!

ಸುಮ್ಮನೆ ಒಣಗಿದ್ದಲ್ಲ. ಸ್ಪೀಕರಿಗೆ ಕಚ್ಚಿಕೊಂಡು, ಬಿರುಕುಬಿಟ್ಟು, ಕಲ್ಲಾಗುತ್ತಿತ್ತು. ನಲವತ್ತೆರಡು ವರ್ಷ ರವೆ ಹುರಿದು, ನೆನೆಸಿ, ಕಲಸಿದ ಕೈಗೆ ಇದು ತಿಳಿಯದಿದ್ದರೆ ಇನ್ನು ಯಾರಿಗೆ ತಿಳಿಯಬೇಕು? ಜಡ್ಜಿನ ಮೈ ಗಟ್ಟಿಯಾದಷ್ಟೂ ಅವನು ಅಲ್ಲಾಡುವುದು ಕಷ್ಟ. ಈಗಾಗಲೇ ಅವನಿಗೆ ಫ್ಯಾನು ಕೊಳೆ, ತುಂಗಮ್ಮ ಕೊಳೆ. ನಾಳೆ ಪೂರ್ತಿ ಒಣಗಿದರೆ ಗಿಟಾರೂ ಕೊಳೆ! ಮೃದಂಗದವರು ಇದಕ್ಕೇ ಅಲ್ಲವೇ ಪ್ರತಿ ಕಚೇರಿ ಮುಗಿದ ಕೂಡಲೇ ರವೆಯನ್ನು ಕೆರೆದು ತೆಗೆಯುವುದು? ಗಂಡನ ಪ್ರಕಾರ ಕಚೇರಿ ಮುಗಿಯುವುದು ಶನಿವಾರ. ಆದ್ದರಿಂದ ಶನಿವಾರದವರೆಗೆ ಕೆರೆಯುವಂತಿಲ್ಲ!

ಬೀಗದ ಕೈ ಜನಿವಾರದಲ್ಲಿ. ಬಾಯಲ್ಲಿ ಹೇಳುವಂತಿಲ್ಲ. ತುಂಗಮ್ಮ ಕ್ಯಾಲೆಂಡರಿನ ಹಾಳೆ ಹರಿದು, ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ‘ರವೆ ಒಣಗಿದೆ. ನೀರು ಬೇಕು.’ ತಂದು ಗಂಡನ ಕೈಗಿಟ್ಟು, ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಪೆಟ್ಟಿಗೆಯ ಆಚೆಗೆ ಬೀದಿ ಬಾಗಿಲಿತ್ತು.

ನಲವತ್ತೆರಡು ವರ್ಷದಿಂದ ಆ ಹೆಂಗಸು ಆ ಗಂಡಸಿನ ಕೈಗೆ ಕೊಟ್ಟ ಚೀಟಿಗಳೆಲ್ಲ ಒಂದೇ ಜಾತಿಯವು. ಕೇಶವಯ್ಯನವರು ಕನ್ನಡಕವಿಲ್ಲದೆ ಅರೆಬರೆ ಓದಿ, “ಆಯ್ತಾಯ್ತು, ಈಗಲೇ ಹೋಗ್ಬೇಕಾ?” ಎಂದು ಕೈಚೀಲ ಹಿಡಿದು ಬೀದಿಗಿಳಿದರು. ಅರ್ಧ ಗಂಟೆಯಲ್ಲಿ ಅರ್ಧ ಕೆಜಿ ರವೆ, ಆಟೋದ ಮೇಲೆ ಹೇರಿದ ಒಂದು ದೊಡ್ಡ ಕ್ಯಾನ್ ನೀರು ಬಂದವು.

“ಬನ್ಸಿ ರವೆನೋ ಚಿರೋಟಿ ರವೆನೋ ಬರೆದೇ ಇಲ್ಲ ನೀನು! ಬನ್ಸಿ ತಂದಿದೀನಿ. ಆದ್ರೂ ಒಣಗಿದ ರವೇನೇ ಬೇಕು ಅಂತ ಯಾಕೆ ಬರೀತೀಯ? ಅಂಗಡಿಯವನು ನಗ್ತಾನೆ!”

ತುಂಗಮ್ಮ ನೀರಿನ ಕ್ಯಾನಿನ ಮೇಲೆ ಕೂತುಬಿಟ್ಟರು.

*

ಶನಿವಾರ ಬೆಳಗ್ಗೆ ಮೇದಿನಿಗೂ ಗೊತ್ತಾಯಿತು. ಹಾಡಿನ ಶುರುವಿನಲ್ಲಿ ಒಂದೊಂದೇ ತಂತಿ ಮೆತ್ತಗೆ ಮೀಟುವ ಭಾಗವಿತ್ತು. ಅದು ಬರಲೇ ಇಲ್ಲ.

“ತಾತ! ಮೆತ್ತಗೆ ನುಡಿಸಿದ್ದು ಬರ್ತಾನೇ ಇಲ್ಲ!”

“ಮೆತ್ತಗೆ ಯಾಕೆ ನುಡಿಸ್ತೀಯ? ಗಟ್ಟಿಯಾಗಿ ನುಡಿಸು!”

“ಹಾಡೇ ಹಾಗಿದೆ ತಾತ!”

“ಹಾಡು ಬದಲಾಯ್ಸು! ಶ್ರುತಿ ಕೂಡಿರೋ ಯಂತ್ರ ಬದಲಾಯ್ಸಕ್ಕಾಗತ್ತಾ?”

ಮೇದಿನಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಂತ್ರ ಇಟ್ಟುಕೊಂಡರೆ ಹಾಡಿಲ್ಲ, ತೆಗೆದರೆ ಬಿಗಿಯಿಲ್ಲ. ತುಂಗಮ್ಮ ಪಕ್ಕದಲ್ಲಿ ಕೂತು ಅವಳ ಬೆರಳ ತುದಿಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. “ನೋಯ್ತಿದೆಯಾ?” ಎಂದು ಕೇಳಿದರು. ಕೇಳಿಸದ ಪ್ರಶ್ನೆಗೆ ಮೇದಿನಿ ಉತ್ತರ ಹೇಳಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಕಾಲೇಜಿನ ಬಯಲಿನಲ್ಲಿ ಸಾವಿರ ಜನ. ವೇದಿಕೆಯ ಎರಡೂ ಕಡೆ ಮನೆಯೆತ್ತರದ ಸ್ಪೀಕರುಗಳು. ಸ್ಟ್ಯಾನಿ ತನ್ನ ಡ್ರಮ್ ಜೋಡಿಸುವುದನ್ನು ಬಿಟ್ಟು, ತುಂಗಮ್ಮನಿಗೆ ವೇದಿಕೆಯ ಪಕ್ಕ ನೆರಳಿರುವ ಕಡೆ ಕುರ್ಚಿ ತಂದು ಹಾಕಿದ. ಫರ್ಹಾನಾ ಅವರ ಸೀರೆಯ ನೆರಿಗೆ ಎತ್ತಿ ಹಿಡಿದು ನೆಲದ ವೈರುಗಳನ್ನು ದಾಟಿಸಿದಳು. ಬೆಂಬಲಕ್ಕೆ ಬಂದಿದ್ದ ಚಂದ್ರಾಬಾಯಿ ಮುಂದಿನ ಸಾಲಿನಲ್ಲಿ ಕೂತರು. ಕೇಶವಯ್ಯನವರು ಜರಿ ಶಲ್ಯ ಹೊದ್ದು, ಗಡಿಯಾರದ ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಮೇಲಿಟ್ಟು, ಯಂತ್ರದ ತಂತಿಯನ್ನು ಆ ಮನೆಯೆತ್ತರದ ಸ್ಪೀಕರುಗಳಿಗೇ ಸೇರಿಸಿಬಿಟ್ಟರು! “ಮನೆಯಲ್ಲಿ ಮನೆ ತುಂಬಾ ಕೆಲಸ ಮಾಡ್ತು. ಇಲ್ಲಿ ಊರು ತುಂಬಾ ಮಾಡ್ಲಿ!”

ಮೇದಿನಿ ತುಟಿ ಕಚ್ಚಿ, ಶುರುವಿನ ಮೆತ್ತಗಿನ ಭಾಗ ಬಿಟ್ಟು, ಮೊದಲ ಐದು ಏಟು ಹಾಕಿದಳು.

ಟಕ್. ಟಕ್. ಟಕಟಕ. ಟಕ್!

ಕೂದಲಿಗೆ ಜುಟ್ಟು ಕಟ್ಟಿದ್ದ ತೀರ್ಪುಗಾರ ನೆಟ್ಟಗೆ ಕೂತ. ಅವನ ಹುಬ್ಬು ಮೇಲೇರಿತು. ಪೆನ್ನಿನ ಮುಚ್ಚಳ ತೆಗೆದ.

ಆರನೆಯ ಏಟಿಗೆ ಬಿಸಿಲಿನಲ್ಲಿದ್ದ ರವೆ ಪೂರ್ತಿ ಕಲ್ಲಾಯಿತು.

ಸ್ಟ್ಯಾನಿಯ ಕೈ ಏಳುತ್ತಿತ್ತು, ಬೀಳುತ್ತಿತ್ತು. ಡ್ರಮ್ ಇಲ್ಲ. ಫರ್ಹಾನಾ ಬಾಯಿ ತೆರೆದು, ಕತ್ತಿನ ನರ ಉಬ್ಬಿಸಿ ಘರ್ಜಿಸಿದಳು. ಹಲ್ಲು ಕಂಡವು, ಹಾಡಿಲ್ಲ. ಆಮೇಲೆ ಗಿಟಾರೂ ಹೋಯಿತು. ಮೇದಿನಿ ಬಾರಿಸಿದಳು, ಇನ್ನೂ ಜೋರಾಗಿ ಬಾರಿಸಿದಳು, ಒಂದು ತಂತಿ ಕಿತ್ತುಹೋಯಿತು. ಅದರ ಸದ್ದೂ ಇಲ್ಲ. ಸಾವಿರ ಜನ ‘ಏನಾಯ್ತು’ ಎಂದರು. ಸಾವಿರ ತುಟಿಗಳು ಅಲ್ಲಾಡಿ ಸುಮ್ಮನಾದವು. ಬೀದಿಯಲ್ಲಿ ಹೋಗುತ್ತಿದ್ದ ಲಾರಿ ಹಾರನ್ ಒತ್ತಿ, ಕೇಳಿಸದೆ, ಚಾಲಕ ಇಳಿದು ಬಂದು ಹಾರನ್ನನ್ನೇ ಬಗ್ಗಿ ನೋಡಿದ. ಚಂದ್ರಾಬಾಯಿ ಎದ್ದು ನಿಂತು ಕೂಗಿದರು. ಆ ದನಿಯೂ ಹೊರಡಲಿಲ್ಲ! ಜೀವಮಾನದಲ್ಲಿ ಮೊದಲ ಸಲ ಹೀಗಾದದ್ದು. ಅವರು ಗಂಟಲು ಹಿಡಿದುಕೊಂಡು ಮೆಲ್ಲಗೆ ಕೂತರು. ತುಂಗಮ್ಮನ ಕಡೆ ಅವರು ಒಮ್ಮೆ ನೋಡಿದ ನೋಟದಲ್ಲಿ, ಎರಡು ದಿನದ ಹಿಂದೆ ಅರ್ಥವಾಗದಿದ್ದದ್ದೆಲ್ಲ ಅರ್ಥವಾಗಿತ್ತು.

ವೇದಿಕೆಯ ನಡುವೆ ಮೇದಿನಿ ಕೈ ಇಳಿಬಿಟ್ಟು ನಿಂತಳು. ಅಳುತ್ತಿದ್ದಳು. ಅದೂ ಕೇಳಿಸುತ್ತಿರಲಿಲ್ಲ.

ತುಂಗಮ್ಮ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ವೇದಿಕೆಯ ಮೆಟ್ಟಿಲು ಹತ್ತಿ, ನಲವತ್ತೆರಡು ವರ್ಷದಿಂದ ನಾಲ್ಕು ಜನರ ಮುಂದೆ ಗಂಡನ ಪಕ್ಕ ನಿಲ್ಲಲೂ ನಾಚುತ್ತಿದ್ದ ಆ ಹೆಂಗಸು, ಸಾವಿರ ಜನರೆದುರು ಕೇಶವಯ್ಯನವರ ಅಂಗಿಯ ಕೊರಳೊಳಗೆ ಕೈಹಾಕಿ, ಜನಿವಾರ ಹೊರಗೆಳೆದು, ಬೀಗದ ಕೈಯ ಜೊತೆಗೆ ಗಂಡನನ್ನೂ ಪೆಟ್ಟಿಗೆಯವರೆಗೆ ನಡೆಸಿಕೊಂಡು ಹೋದರು. ಬಾಗಿಲು ತೆಗೆದರು. ಮೇದಿನಿಯ ನೀರಿನ ಬಾಟಲಿ ಎತ್ತಿ, ಒಣಗಿದ ರವೆಯ ಮೇಲೆ ಸುರಿದು, ಬೆರಳಿಂದ ನಾದಿದರು, ಚಿರೋಟಿಗೆ ನಾದುವ ಹಾಗೆ.

ಜಡ್ಜು ಒಮ್ಮೆ ಅಲ್ಲಾಡಿದ.

ಮೂರು ದಿನದಿಂದ ಕೊಳೆಯೆಂದು ನುಂಗಿ ನೆನಪಿಟ್ಟುಕೊಂಡಿದ್ದೆಲ್ಲ ಒಮ್ಮೆಲೇ ಸಂಗೀತವೆಂದು ತೀರ್ಪಾಯಿತು! ಯಂತ್ರ ಅದನ್ನೆಲ್ಲ ಹತ್ತರ ಗೇನಿನಲ್ಲಿ, ಮನೆಯೆತ್ತರದ ಸ್ಪೀಕರುಗಳಿಂದ, ಗುಡುಗುಡುಗಾಗಿ, ಒಂದೊಂದು ಅಕ್ಷರವನ್ನೂ ಕಲ್ಲಿನಷ್ಟು ಬಿಗಿಯಾಗಿ ಕಕ್ಕತೊಡಗಿತು.

ಮೊದಲು ಸಾಸಿವೆ ಸಿಡಿಯಿತು, ಪಟಾಕಿ ಅಂಗಡಿಗೆ ಬೆಂಕಿ ಬಿದ್ದಂತೆ. ಬೆಕ್ಕು ಹುಲಿಯಾಗಿ ಕೂಗಿತು. ಆಮೇಲೆ ತುಂಗಮ್ಮ ಬಂದರು.

“ಆ! ಗುಂಡಿ! ಹತ್ತರಲ್ಲಿದೆಯಲ್ಲ! ಅದನ್ನೇ! ಐದಕ್ಕೆ! ಇಳಿಸಿದ್ರೆ! ಹೇಗೆ! ಹುಳಿಗೆ! ಖಾರ! ಜಾಸ್ತಿ ಆದ್ರೆ! ಬೇಳೆ ರುಚೀನೇ! ಗೊತ್ತಾಗಲ್ಲ!”

ಸ್ಟ್ಯಾನಿ ಅರೆಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ತುಂಗಮ್ಮನ ಮಾತಿಗೆ ಸರಿಯಾಗಿ ಡ್ರಮ್ ಹಿಡಿದ. ಹಿಂದಿನ ಸಾಲಿನ ಹುಡುಗರು ತಲೆ ಕುಣಿಸತೊಡಗಿದರು.

“ನಿಮ್ಮ! ಆ! ಕೊಡೆಗೆ! ಬೆಂಕಿ! ಬೀಳ!”

“ಬೀಳ! ಬೀಳ!” ಎಂದು ಫರ್ಹಾನಾ ಪಲ್ಲವಿಯಾಗಿಸಿ ಘರ್ಜಿಸಿದಳು. ಸಾವಿರ ಜನ “ಬೀಳ!” ಎಂದರು. ಮಣೆಯ ಮೂರು ಕಾಲು ಬಂತು, ಮೃದಂಗದ ಗವಸು ಬಂತು, ಹುಳಿ ಪಲ್ಯ ಉಪ್ಪಿನಕಾಯಿಯ ಹೊತ್ತಿನ ಮಾತುಗಳೆಲ್ಲ ಸಾಲುಸಾಲಾಗಿ ಬಂದವು. ತುಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೇಶವಯ್ಯನವರು ಜರಿ ಶಲ್ಯದೊಳಗೆ ಚಿಕ್ಕದಾಗುತ್ತಾ ಹೋದರು.

“ಸಡಿಲ! ಅಂತ! ಬರೆದ್ರೆ! ಮಗು! ಗಿಟಾರ್! ಮಾರ್ತೀನಿ! ಅಂತ! ಆಣೆ ಇಟ್ಟಿದೆ!” ಎಂದಿತು ಆಕಾಶ. “ತಾತನಿಗೆ! ಹೇಳ್ಬೇಡ! ಅಂತಿದೆ!”

ಕೇಶವಯ್ಯನವರು ಮೊಮ್ಮಗಳ ಕಡೆ ತಿರುಗಿದರು. ಅವಳು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ದನಿ ಬಂತು. ಗಂಡಸಿನದು, ಸ್ವಲ್ಪ ನಡುಗುವಂಥದ್ದು. ಯಂತ್ರ ಆ ನಡುಕವನ್ನೂ ಬಿಗಿ ಮಾಡಿತ್ತು.

“ಕೈ ನಡುಗತ್ತೆ! ಮೊದಲಿನ ಬಿಗಿ! ಇಲ್ಲ! ಇನ್ನು ಮೃದಂಗ! ಆಗಲ್ಲ! ಹೋಗ್ಲಿ! ಆ ಮಗುವಿನ ಕೈಲಾದ್ರೂ! ಬಿಗಿ! ಇರ್ಲಿ!”

ತುಂಗಮ್ಮ ಮುಖದಿಂದ ಸೆರಗು ತೆಗೆದರು. ನಿನ್ನೆ ಮೃದಂಗದ ಪಕ್ಕ ಗಂಡ ತುಟಿ ಅಲ್ಲಾಡಿಸಿದ್ದು ತಾಳದ ಲೆಕ್ಕವಾಗಿರಲಿಲ್ಲ.

“ನೋಯ್ತಿದೆಯಾ!” ಎಂದು ಕೊನೆಯದಾಗಿ ಕೇಳಿತು ಯಂತ್ರ, ಚಾಮುಂಡಿ ಬೆಟ್ಟಕ್ಕೂ ಕೇಳಿಸುವಷ್ಟು ಜೋರಾಗಿ. ಆಮೇಲೆ ನೆಂದ ರವೆಯ ನೀರು ಬ್ಯಾಟರಿಗಿಳಿದು, ಸುಟ್ಟ ಉಪ್ಪಿಟ್ಟಿನ ವಾಸನೆ ಹೊರಟು, ಎಲ್ಲವೂ ನಿಂತಿತು.

*

ಭಾನುವಾರ ಬೆಳಗ್ಗೆ ಮೇದಿನಿ ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ‘ಗಿಟಾರ್ ಟೋನ್: ಬಹಳ ಬಿಗಿ. ಗಿಟಾರ್: ಕೇಳಿಸಲಿಲ್ಲ. ಸಾಹಿತ್ಯ: ಹೃದಯಸ್ಪರ್ಶಿ. ಹಿರಿಯ ಗಾಯಕಿ: ಅದ್ಭುತ. ಸ್ಥಾನ: ಇಲ್ಲ. ಸ್ಪರ್ಧೆ ವಿದ್ಯಾರ್ಥಿಗಳಿಗೆ ಮಾತ್ರ.’

“ಸೋತ್ವಿ ತಾತ,” ಎಂದಳು.

ಕೇಶವಯ್ಯನವರು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. “ಸಡಿಲ ಅಂತ ಎಲ್ಲೂ ಬರೆದಿಲ್ವಲ್ಲಮ್ಮ. ಹಾಗಿದ್ಮೇಲೆ ಮಾರೋ ಹಾಗಿಲ್ಲ. ಆಣೆ ಅಂದ್ರೆ ಆಣೆ.”

ಮೇದಿನಿ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಮಡಿಸಿಟ್ಟಳು. ಆಮೇಲೆ ಹೋಗಿ ಗೇನಿನ ಗುಂಡಿಯನ್ನು ಹತ್ತರಿಂದ ಐದಕ್ಕೆ ಇಳಿಸಿ, ಉಳಿದ ಐದು ತಂತಿಗಳ ಮೇಲೆ ಅಂಗೈ ಅಂಚನ್ನೊತ್ತಿ ಒಂದು ಏಟು ಹಾಕಿದಳು. ಟಕ್. ಇನ್ನೊಂದು. ಟಕ್. ನಡುವೆ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವುದು ಸ್ಪಷ್ಟವಾಗಿ ಕೇಳಿಸಿತು. ಅವಳು ಅಜ್ಜಿಯ ಕಡೆ ನೋಡಿದಳು. ಗುಂಡಿಯನ್ನು ಮತ್ತೆ ಮೇಲಕ್ಕೆ ಏರಿಸಲಿಲ್ಲ.

ತುಂಗಮ್ಮ ಆ ಅರ್ಧ ಕೆಜಿ ರವೆಯಲ್ಲಿ ಉಪ್ಪಿಟ್ಟು ಮಾಡಿ, ಚಂದ್ರಾಬಾಯಿಗೊಂದು ಡಬ್ಬಿ ಕಳಿಸಿ, ಗಂಡನ ಮುಂದೆ ತಟ್ಟೆಯಿಟ್ಟು, ಎಂದಿನ ಮೆಲುದನಿಯಲ್ಲಿ ಕೇಳಿದರು: “ಉಪ್ಪು ಸಾಕಾ?”

ಕೇಶವಯ್ಯನವರು ಚಮಚ ಕೆಳಗಿಟ್ಟು, ಕಿವಿಯ ಹಿಂದೆ ಅಂಗೈ ಹಿಡಿದು, ಅವರ ತುಟಿಯನ್ನೇ ನೋಡಿದರು. “ಏನಂದೆ? ಇನ್ನೊಂದ್ಸಲ ಹೇಳು.”

“ಉಪ್ಪು ಸಾಕಾ ಅಂದೆ.”

“ಸಾಕು,” ಎಂದರು. ಸ್ವಲ್ಪ ತಿಂದು, ಮತ್ತೆ ಅಂದರು: “ಮಣೆಗೆ ನಾಲ್ಕೂ ಕಾಲಿತ್ತು ಕಣೇ. ಒಂದನ್ನ ನಾನೇ ಕೊಡೆಗೆ ಹಿಡಿ ಮಾಡಿದ್ದೆ.”